ಉಪನಿಧಿಯೂ ಕೀಲಿಕೈಯೂ



ಒಬ್ಬನು ತನ್ನ ಒಡವೆಯನ್ನು ಮತ್ತೊಬ್ಬನ ಮನೆಯಲ್ಲಿ ನಂಬಿ ಇರಿಸುವುದು ಲೋಕದಲ್ಲಿ ಅತಿ ಪ್ರಾಚೀನವಾದ ವ್ಯವಹಾರವು. ಊರು ಬಿಟ್ಟು ಯಾತ್ರೆಗೆ ಹೊರಟವನು, ಬೆಂಕಿಗೂ ಕಳ್ಳರಿಗೂ ಅಂಜಿದ ವರ್ತಕನು, ಮನೆಯಲ್ಲಿ ದಿಕ್ಕಿಲ್ಲದ ವೃದ್ಧೆಯು, ಇವರೆಲ್ಲರೂ ಊರಿನಲ್ಲಿ ನಂಬಿಗಸ್ತನೆನಿಸಿದವನನ್ನು ಹುಡುಕಿಕೊಂಡು ಹೋಗಿ ತಮ್ಮ ಗಂಟನ್ನು ಅವನ ಕೈಯಲ್ಲಿ ಒಪ್ಪಿಸುವರು. ಮನುವು ೧೮ ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ವಿಚಾರವನ್ನು ಮೊದಲು ಹೇಳಿ, ಎರಡನೆಯದಾಗಿಯೇ ನಿಕ್ಷೇಪವನ್ನು ಇಟ್ಟಿರುವುದನ್ನು ನೋಡಿದರೆ ಈ ವ್ಯವಹಾರಕ್ಕೆ ಹಿಂದಿನವರು ಎಷ್ಟು ಮಹತ್ವವನ್ನು ಕೊಟ್ಟಿದ್ದರೆಂಬುದು ತಿಳಿಯುತ್ತದೆ.

ಯಾಜ್ಞವಲ್ಕ್ಯಸ್ಮೃತಿಯು ಈ ನಿಕ್ಷೇಪದಲ್ಲಿಯೇ ಒಂದು ವಿಶೇಷಭೇದವನ್ನು ಹೇಳುತ್ತದೆ. ಒಳಗೆ ಏನಿದೆಯೆಂಬುದನ್ನು ತಿಳಿಸದೆ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮತ್ತೊಬ್ಬನ ಕೈಗೆ ಒಪ್ಪಿಸಿದ ದ್ರವ್ಯಕ್ಕೆ ಉಪನಿಧಿಯೆಂದು ಹೆಸರು. ಇಟ್ಟುಕೊಂಡವನು ಅದನ್ನು ಬಿಚ್ಚದೆ, ಎಣಿಸದೆ, ಹೇಗೆ ಬಂದಿತ್ತೋ ಹಾಗೆಯೇ ಹಿಂದಕ್ಕೆ ಕೊಡತಕ್ಕದ್ದು. ತಾನೇ ಅದನ್ನು ಭೋಗಿಸಿದರೆ ಅವನು ದಂಡಾರ್ಹನು. ಆದರೆ ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಅವನ ಮೇಲೆ ಋಣವಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣಪಟ್ಟಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಪ್ರಕರಣಕ್ಕೆ ವ್ಯಾಖ್ಯಾನವನ್ನು ಮಾಡಿದ್ದಾನೆ. ಇಲ್ಲಿ ರಾಜನನ್ನೂ ಕಳ್ಳನನ್ನೂ ಒಂದೇ ಪಂಕ್ತಿಯಲ್ಲಿ ಹೇಳಿದುದು ರಾಜನು ಕಳ್ಳನೆಂಬ ಅಭಿಪ್ರಾಯದಿಂದಲ್ಲ. ರಾಜಬಲ, ದೈವಬಲ, ಚೋರಬಲ ಈ ಮೂರರ ಮುಂದೆಯೂ ಕಾಯುವವನು ಸಮಾನವಾಗಿ ಅಸಹಾಯನು ಎಂಬ ಕಾರಣದಿಂದ.

ಈ ಹಳೆಯ ಪ್ರಕರಣವನ್ನು ಈಗ ತೆರೆಯುವುದಕ್ಕೆ ಕಾರಣವುಂಟು. ಇಂದಿನ ಮನುಷ್ಯನು ತನ್ನ ಪತ್ರಗಳನ್ನೂ ಲೆಕ್ಕಗಳನ್ನೂ ರೋಗದ ವಿವರಗಳನ್ನೂ ಮನೆಯ ಗುಟ್ಟುಗಳನ್ನೂ ಮುಖವನ್ನೇ ಕಾಣದ ತಂತ್ರಾಂಶ ಕಂಪನಿಗಳ ಯಂತ್ರಗಳಲ್ಲಿ ಇರಿಸುತ್ತಿದ್ದಾನೆ. ಆ ಕಂಪನಿಗಳು ಅವನ್ನು ಗೂಢಲಿಪಿಯೆಂಬ ಬೀಗದಿಂದ ಭದ್ರಪಡಿಸುತ್ತವೆ. ಇದೇ ಈ ಕಾಲದ ಉಪನಿಧಿಯು. ರಾಜಪುರುಷರು ಬಂದು ಆ ಬೀಗದ ಕೀಲಿಕೈಯನ್ನು ಕೇಳಿದಾಗ ಕಂಪನಿಯು ಮಾಡತಕ್ಕದ್ದೇನು? ಈ ಪ್ರಶ್ನೆಯು ೨೦೧೩ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಒಂದು ಸಣ್ಣ ಕಂಪನಿಯ ಪಾಲಿಗೆ ಪ್ರತ್ಯಕ್ಷವಾಗಿ ಬಂದು ನಿಂತಿತು. ಆ ವೃತ್ತಾಂತವು ವಿಚಾರಾರ್ಹವಾಗಿದೆ.

ಸೂಚೀಕಟಾಹನ್ಯಾಯದಂತೆ ಮೊದಲು ಸುಲಭವಾದುದನ್ನು ಹೇಳಿ ಬಳಿಕ ಕಠಿಣವಾದುದಕ್ಕೆ ಹೋಗುವುದು ಯುಕ್ತವು. ಇ-ಮೇಲಿನಲ್ಲಿ ಪತ್ರವನ್ನು ಕಾಯುವ ಬೀಗಗಳು ಎರಡು ವಿಧ. ಒಂದು ಮನೆಯ ಬೀಗ, ಎಂದರೆ ಕಂಪನಿಯ ಸರ್ವರಿನಲ್ಲಿ ಶೇಖರವಾಗಿರುವ ಪತ್ರಕ್ಕೆ ಹಾಕಿದುದು. ಮತ್ತೊಂದು ದಾರಿಯ ಬೀಗ, ಎಂದರೆ ಪತ್ರವೂ ಗುಪ್ತಪದವೂ ಬಳಕೆದಾರನ ಯಂತ್ರದಿಂದ ಸರ್ವರಿನವರೆಗೆ ತಂತಿಯ ಮೇಲೆ ಪಯಣಮಾಡುವಾಗ ನಡುವೆ ಯಾರೂ ಓದದಂತೆ ಹಾಕಿದುದು. ಈ ದಾರಿಯ ಬೀಗಕ್ಕೆ ಜೋಡಿ ಕೀಲಿಕೈಗಳು. ಒಂದು ಬಹಿರಂಗವಾದುದು, ಅದರಿಂದ ಯಾರು ಬೇಕಾದರೂ ಮುಚ್ಚಬಹುದು. ಇನ್ನೊಂದು ರಹಸ್ಯವಾದುದು, ತೆರೆಯುವ ಸಾಮರ್ಥ್ಯವು ಅದೊಂದಕ್ಕೇ ಇದೆ, ಅದು ಕಂಪನಿಯ ವಶದಲ್ಲಿರುವುದು. ಇಂಥ ಜೋಡಿ ಕೀಲಿಕೈಗಳ ಕಲ್ಪನೆಯನ್ನು ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಪಂಡಿತರು ೧೯೭೬ರಲ್ಲಿ ಲೋಕಕ್ಕೆ ಪ್ರಕಟಿಸಿದರು. ಇಲ್ಲಿ ಮರೆಯಬಾರದ ಸಂಗತಿಯೇನೆಂದರೆ, ಮನೆಯ ಬೀಗವು ಒಬ್ಬೊಬ್ಬನಿಗೆ ಒಂದೊಂದಾಗಿರಬಹುದು. ದಾರಿಯ ಬೀಗವಾದರೋ ಆ ಕಂಪನಿಗೆ ಬರುವ ಯಾವತ್ತೂ ಜನರಿಗೆ ಒಂದೇ ಆಗಿರುತ್ತದೆ.

ಲ್ಯಾಡರ್ ಲೆವಿಸನ್ ಎಂಬವನು ೨೦೦೪ನೆಯ ಇಸವಿಯಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಲವಾಬಿಟ್ ಎಂಬ ಇ-ಮೇಲ್ ಸೇವೆಯನ್ನು ಸ್ಥಾಪಿಸಿದನು. ಹಣ ತೆತ್ತು ಕೇಳಿದವರ ಪತ್ರಗಳನ್ನು ಅವರವರ ಗುಪ್ತಪದದಿಂದಲೇ ತೆರೆಯುವಂತೆ ಭದ್ರಪಡಿಸಿ ಇಡುವುದು ಈ ಸೇವೆಯ ವೈಶಿಷ್ಟ್ಯವಾಗಿತ್ತು. ೨೦೧೩ರ ವೇಳೆಗೆ ಅದಕ್ಕೆ ಸುಮಾರು ೪ ಲಕ್ಷ ೧೦ ಸಾವಿರ ಬಳಕೆದಾರರಿದ್ದರು. ಲೆವಿಸನ್ನನು ಸರಕಾರದ ವಿರೋಧಿಯಾಗಿರಲಿಲ್ಲ. ಅದಕ್ಕೆ ಮುಂಚೆ ಗೊತ್ತಾದ ಒಬ್ಬನೊಬ್ಬನ ಖಾತೆಯ ಬಗ್ಗೆ ನ್ಯಾಯಾಲಯದ ಆಜ್ಞೆಗಳು ಬಂದಾಗ ತನ್ನ ಕೈಲಾದ ಮಾಹಿತಿಯನ್ನು ಕೊಟ್ಟು ವಿಧೇಯನಾಗಿ ನಡೆದುಕೊಂಡಿದ್ದನು.

೨೦೧೩ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡನ್ ಎಂಬ ತರುಣನು ಅಮೆರಿಕೆಯ ಗುಪ್ತಚಾರ ಸಂಸ್ಥೆಯ ರಹಸ್ಯ ಕಾಗದಗಳನ್ನು ಪತ್ರಿಕೆಗಳ ಮೂಲಕ ಬಯಲುಮಾಡಿದನು. ಅವನು ಲವಾಬಿಟ್ಟಿನ ಬಳಕೆದಾರರಲ್ಲೊಬ್ಬನಾಗಿದ್ದನು. ಅದೇ ತಿಂಗಳ ೧೦ನೆಯ ತಾರೀಖಿನಂದು ಲೆವಿಸನ್ನನಿಗೆ ಮೊದಲನೆಯ ಆಜ್ಞೆಯು ಬಂದಿತು. ೨೮ನೆಯ ತಾರೀಖಿನ ಎರಡನೆಯ ಆಜ್ಞೆಯು, ಒಂದು ಖಾತೆಗೆ ಯಾರಿಂದ, ಯಾವಾಗ, ಎಲ್ಲಿಂದ ಸಂಪರ್ಕವು ನಡೆಯುತ್ತದೆಯೆಂಬುದನ್ನು ಆಗಿಂದಾಗ್ಗೆ ದಾಖಲುಮಾಡುವ ಯಂತ್ರವೊಂದನ್ನು ಕಂಪನಿಯ ದಾರಿಯಲ್ಲಿ ಇಡುವುದಕ್ಕೆ ಎಫ್‌ಬಿಐ ಎಂಬ ತನಿಖಾ ಇಲಾಖೆಗೆ ಅಧಿಕಾರವಿತ್ತಿತು. ಖಾತೆಯು ಯಾರದೆಂಬುದನ್ನು ನ್ಯಾಯಾಲಯದ ಕಾಗದಗಳಲ್ಲಿ ಮಸಿಯಿಂದ ಮುಚ್ಚಿದ್ದರು. ೨೦೧೬ರಲ್ಲಿ ಅಜಾಗರೂಕತೆಯಿಂದ ಮುಚ್ಚದೆ ಉಳಿದ ಒಂದು ಕಡೆಯಲ್ಲಿ ಅದು ಸ್ನೋಡನ್ನನದೆಂಬುದು ಹೊರಬಿದ್ದಿತು.

ಯಂತ್ರವನ್ನು ಇಟ್ಟರೂ ದಾರಿಯ ಬೀಗವಿರುವವರೆಗೆ ಅದಕ್ಕೆ ಏನೂ ಕಾಣುವಂತಿರಲಿಲ್ಲ. ಆದುದರಿಂದ ಸರಕಾರವು ದಾರಿಯ ಕೀಲಿಕೈಯನ್ನೇ ಕೇಳಿತು. ಜುಲೈ ೧೬ರಂದು ಅದಕ್ಕಾಗಿ ಶೋಧನೆಯ ವಾರಂಟು ಹೊರಟಿತು. ಅಂದು ವರ್ಜೀನಿಯಾ ಪ್ರಾಂತದ ಅಲೆಗ್ಸಾಂಡ್ರಿಯಾ ಪಟ್ಟಣದ ನ್ಯಾಯಾಲಯದಲ್ಲಿ ಲೆವಿಸನ್ನನು ವಕೀಲರಿಲ್ಲದೆ ಒಬ್ಬನೇ ನಿಂತನು. ಬೇಕಾದ ಒಂದು ಖಾತೆಯ ವಿವರಗಳನ್ನು ತಾನೇ ಆಯ್ದು ಒಪ್ಪಿಸುವೆನೆಂದೂ, ಅದಕ್ಕೆ ೨,೦೦೦ ಡಾಲರ್ ವೆಚ್ಚವಾಗುವುದೆಂದೂ ಅವನು ಅದಕ್ಕೆ ಮೊದಲೇ ಸರಕಾರಕ್ಕೆ ಸೂಚಿಸಿದ್ದನು. ಆಗಿಂದಾಗ್ಗೆ ತನ್ನ ಕೈಗೆ ಮಾಹಿತಿಯು ಬಾರದೆಂಬ ಕಾರಣದಿಂದ ಸರಕಾರವು ಆ ಸಲಹೆಯನ್ನು ತಳ್ಳಿಹಾಕಿತು. ಈ ಯಾವತ್ತೂ ವಿಚಾರವನ್ನು ಬಳಕೆದಾರರಿಗೆ ತಿಳಿಸಕೂಡದೆಂಬ ನಿರ್ಬಂಧವೂ ಅವನ ಮೇಲೆ ಇತ್ತು.

ಆಗಸ್ಟ್ ೧ರಂದು ನ್ಯಾಯಾಧೀಶ ಕ್ಲಾಡ್ ಹಿಲ್ಟನ್ನರು ಕೀಲಿಕೈಯನ್ನು ಕೊಡಲೇಬೇಕೆಂದು ತೀರ್ಮಾನಿಸಿದರು. ಮಾರನೆಯ ದಿನ ಲೆವಿಸನ್ನನು ಅದನ್ನು ಕಾಗದದ ಮೇಲೆ ಮುದ್ರಿಸಿ ಕೊಟ್ಟನು. ೧೧ ಪುಟಗಳು, ಅಕ್ಷರದ ಗಾತ್ರವೋ ೪ ಪಾಯಿಂಟು, ಸಾಸಿವೆಯ ಕಾಳಿಗಿಂತಲೂ ಕಿರಿದು. ೨,೫೬೦ ಅಕ್ಷರಗಳನ್ನು ಕೈಯಿಂದ ನಕಲುಮಾಡಬೇಕಾಗುವುದೆಂದೂ, ಒಂದು ತಪ್ಪಿದರೂ ಕೆಲಸ ಕೆಡುವುದೆಂದೂ ಸರಕಾರವು ದೂರಿಕೊಂಡಿತು. ಆಗಸ್ಟ್ ೫ರಂದು ನ್ಯಾಯಾಲಯವು, ಯಂತ್ರವು ಓದುವ ರೂಪದಲ್ಲಿ ಕೀಲಿಕೈಯು ಬರುವವರೆಗೆ ದಿನವೊಂದಕ್ಕೆ ೫,೦೦೦ ಡಾಲರ್ ದಂಡವನ್ನು ವಿಧಿಸಿತು. ಎರಡು ದಿನಗಳ ಬಳಿಕ ಅವನು ಕೀಲಿಕೈಯನ್ನು ಒಪ್ಪಿಸಿದನು. ೮ನೆಯ ತಾರೀಖಿನಂದು ಅಂಗಡಿಯನ್ನೇ ಮುಚ್ಚಿದನು. ಸ್ವದೇಶದ ಜನರಿಗೆ ವಿರುದ್ಧವಾದ ಅಪರಾಧದಲ್ಲಿ ಪಾಲುಗಾರನಾಗುವುದು, ಇಲ್ಲವೆ ಹತ್ತು ವರ್ಷಗಳ ದುಡಿಮೆಯನ್ನು ಬಿಟ್ಟು ನಡೆಯುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತೆಂಬ ಅರ್ಥದ ಚಿಕ್ಕ ಪ್ರಕಟಣೆಯನ್ನು ಹೊರಡಿಸಿದನು. ಏನು ನಡೆಯಿತೆಂಬುದನ್ನು ಬಿಡಿಸಿ ಹೇಳುವ ಸ್ವಾತಂತ್ರ್ಯವು ಅವನಿಗಿರಲಿಲ್ಲ. ಆ ಅಕ್ಟೋಬರಿನಲ್ಲಿ ನ್ಯಾಯಾಲಯದ ಕಾಗದಗಳು ಬಹಿರಂಗವಾದ ಮೇಲೆಯೇ ಲೋಕಕ್ಕೆ ಸಂಗತಿಯು ತಿಳಿಯಿತು.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಎತ್ತಿಕೊಳ್ಳಬೇಕು. ಎದುರಾಳಿಯ ವಾದವನ್ನು ದುರ್ಬಲಗೊಳಿಸಿ ಗೆಲ್ಲುವುದು ಶಾಸ್ತ್ರಸಮ್ಮತವಲ್ಲ. ಸರಕಾರದ ಪಕ್ಷವು ಹೀಗೆ. ಅಪರಾಧಿಯನ್ನು ಹುಡುಕುವುದು ರಾಜ್ಯದ ಧರ್ಮವು. ಇಲ್ಲಿ ಅಧಿಕಾರಿಗಳು ಕತ್ತಲಲ್ಲಿ ಗೋಡೆ ಕೊರೆದು ಬಂದವರಲ್ಲ. ನ್ಯಾಯಾಧೀಶರ ಅಪ್ಪಣೆಯನ್ನು ಕೈಯಲ್ಲಿ ಹಿಡಿದು ಬಂದವರು. ಮಿಕ್ಕ ನಾಲ್ಕು ಲಕ್ಷ ಜನರ ಪತ್ರವನ್ನು ತಮ್ಮ ಯಂತ್ರವು ಸೋಸಿ ಬಿಡುವುದೆಂದೂ, ಯಾವ ಅಧಿಕಾರಿಯೂ ಅದನ್ನು ನೋಡುವುದಿಲ್ಲವೆಂದೂ ಅವರು ನ್ಯಾಯಾಲಯಕ್ಕೆ ಹೇಳಿದರು. ಮನೆಯನ್ನು ಕಷ್ಟವಾಗುವಂತೆ ಕಟ್ಟಿಕೊಂಡವನು, ಆ ಕಷ್ಟವನ್ನೇ ನೆವಮಾಡಿ ರಾಜಾಜ್ಞೆಯನ್ನು ತಪ್ಪಿಸಿಕೊಳ್ಳಲಾಗದೆಂಬುದು ನ್ಯಾಯಾಧೀಶರ ಅಭಿಪ್ರಾಯವಾಗಿತ್ತು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಗೂಢಲಿಪಿಯ ಮಹಿಮೆಯನ್ನು ವರ್ಣಿಸುವ ಧೈರ್ಯವು ಯಾರಿಗಿದೆ? ಈ ಪಕ್ಷವನ್ನು ಹಗುರೆಂದು ತಿಳಿಯುವವನು ರಾಜ್ಯವೆಂಬುದೇಕೆ ಇದೆಯೆಂಬುದನ್ನೇ ಅರಿಯನು.

ಇದಕ್ಕೆ ಸಮಾಧಾನವೇನೆಂದರೆ, ಆಜ್ಞೆಯು ನ್ಯಾಯವಾದುದೋ ಅಲ್ಲವೋ ಎಂಬುದೊಂದು ಪ್ರಶ್ನೆ. ಕೇಳಿದ ವಸ್ತುವು ಆ ಆಜ್ಞೆಗೆ ತಕ್ಕುದೋ ಅಲ್ಲವೋ ಎಂಬುದು ಬೇರೊಂದು ಪ್ರಶ್ನೆ. ಸ್ಮೃತಿಕಾರನ ಕಾಲದಲ್ಲಿ ರಾಜಭಟನು ಬಂದರೆ ದೇವದತ್ತನ ಪೆಟ್ಟಿಗೆಯನ್ನು ಒಯ್ಯುತ್ತಿದ್ದನು. ಯಜ್ಞದತ್ತನ ಪೆಟ್ಟಿಗೆಯು ಮೂಲೆಯಲ್ಲಿ ಹಾಗೆಯೇ ಇರುತ್ತಿತ್ತು. ಇಲ್ಲಿ ದೇವದತ್ತನೊಬ್ಬನ ಪೆಟ್ಟಿಗೆಗಾಗಿ ಕೇಳಿದ ಕೀಲಿಕೈಯು ನಾಲ್ಕು ಲಕ್ಷ ಯಜ್ಞದತ್ತರ ಬಾಗಿಲನ್ನೂ ತೆರೆಯತಕ್ಕುದು. ಅವರಲ್ಲಿ ಯಾರ ಮೇಲೂ ಆರೋಪವಿಲ್ಲ, ಯಾರ ವಿಚಾರಣೆಯೂ ಆಗಿಲ್ಲ, ಯಾರಿಗೂ ಸುದ್ದಿಯಿಲ್ಲ. ಸೋಸುವ ಯಂತ್ರವು ಸತ್ಯಸಂಧವಾಗಿಯೇ ಇರಬಹುದು. ಆದರೆ ಹಾಗಿರುವುದೆಂಬುದಕ್ಕೆ ಅದನ್ನು ಇಟ್ಟವರ ಮಾತಿನ ಹೊರತು ಆ ಜನರಿಗೆ ಬೇರೆ ಪ್ರಮಾಣವಿಲ್ಲ.

ಎರಡನೆಯದಾಗಿ, ಮನೆಯ ಕೀಲಿಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಗೂಢಲಿಪಿಯ ಕೀಲಿಕೈಯು ಒಂದು ದೊಡ್ಡ ಸಂಖ್ಯೆ ಮಾತ್ರ. ಒಮ್ಮೆ ತಿಳಿದ ಸಂಖ್ಯೆಯನ್ನು ತಿಳಿಯದಂತೆ ಮಾಡುವುದು ಯಾರಿಂದಲೂ ಆಗದು. ಅಷ್ಟೇ ಅಲ್ಲದೆ, ಆ ಕಾಲದ ಅನೇಕ ಸೇವೆಗಳಲ್ಲಿ ದಾರಿಯ ಬೀಗದ ರಚನೆಯು ಹೇಗಿತ್ತೆಂದರೆ, ನಿನ್ನೆ ಮೊನ್ನೆ ಹಾದುಹೋದ ಮುಚ್ಚಿದ ಪತ್ರಗಳನ್ನು ಯಾರಾದರೂ ಹಿಡಿದಿಟ್ಟುಕೊಂಡಿದ್ದರೆ ಇಂದು ಸಿಕ್ಕ ಕೀಲಿಕೈಯಿಂದ ಅವನ್ನೂ ತೆರೆಯಬಹುದಾಗಿತ್ತು. ಕೀಲಿಕೈಯನ್ನು ಕೊಡುವುದೆಂದರೆ ಮುಂದಿನ ದಿನಗಳನ್ನು ಮಾತ್ರವಲ್ಲ, ಕಳೆದ ದಿನಗಳನ್ನೂ ಕೊಟ್ಟಂತೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಹೊಸ್ತಿಲಿನ ಮೇಲಿಟ್ಟ ದೀಪವು ಒಳಗಿನವರಿಗೂ ಹೊರಗಿನವರಿಗೂ ಸಮನಾಗಿ ಬೆಳಗುತ್ತದೆಯೆಂಬ ದೇಹಲೀದೀಪನ್ಯಾಯವು ಇಲ್ಲಿ ವಿಪರೀತಫಲವನ್ನು ಕೊಡುತ್ತದೆ. ರಾಜಪುರುಷನಿಗೆಂದು ಮಾಡಿದ ಬಾಗಿಲು ಬಂದವನು ಯಾರೆಂದು ಕೇಳುವುದಿಲ್ಲ. ಇದು ಕೇವಲ ತರ್ಕವಲ್ಲ. ಅಮೆರಿಕೆಯಲ್ಲಿ ೧೯೯೪ರ ಕಾನೂನಿನ ಪ್ರಕಾರ ದೂರವಾಣಿ ಕಂಪನಿಗಳು ನ್ಯಾಯಾಲಯದ ಅಪ್ಪಣೆಯಾದಾಗ ಸಂಭಾಷಣೆಯನ್ನು ಕದ್ದು ಕೇಳುವ ಅನುಕೂಲವನ್ನು ತಮ್ಮ ಜಾಲದಲ್ಲಿ ಮೊದಲೇ ಕಲ್ಪಿಸಿರಬೇಕು. ೨೦೨೪ರಲ್ಲಿ ಚೀನಾ ದೇಶದ ಸರಕಾರಕ್ಕೆ ಸಂಬಂಧಪಟ್ಟವರೆಂದು ಅಮೆರಿಕೆಯ ಸರಕಾರವೇ ಹೇಳಿದ ಒಂದು ಗುಂಪು ಆ ದೂರವಾಣಿ ಜಾಲಗಳೊಳಗೆ ಹೊಕ್ಕು, ನ್ಯಾಯಾಲಯದ ಅಪ್ಪಣೆಗಳಿಗೆ ಸಂಬಂಧಪಟ್ಟ ಮಾಹಿತಿಯನ್ನೇ ನಕಲುಮಾಡಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕೆಯ ಅಧಿಕಾರಿಗಳು, ಗೂಢಲಿಪಿಯುಳ್ಳ ಸಂದೇಶ ಸಾಧನಗಳನ್ನು ಬಳಸಿರೆಂದು ಜನರಿಗೆ ಬುದ್ಧಿ ಹೇಳಿದರು. ಬೀಗವು ಅಡ್ಡಿಯೆಂದು ಬಹುಕಾಲ ಹೇಳುತ್ತಿದ್ದ ಎಫ್‌ಬಿಐ ಇಲಾಖೆಯವರೂ ಅವರ ಜೊತೆಯಲ್ಲಿದ್ದರು.

ಹಾಗಾದರೆ ಲೆವಿಸನ್ನನು ನಿರ್ದೋಷಿಯೇ? ಅಲ್ಲವೆಂದೇ ಹೇಳಬೇಕಾಗುತ್ತದೆ. ಅವನ ಮನೆಯ ಬೀಗವು ಬಳಕೆದಾರನ ಗುಪ್ತಪದದಿಂದ ತೆರೆಯುವುದಾದರೂ, ಆ ಗುಪ್ತಪದವು ಪ್ರತಿಸಾರಿಯೂ ದಾರಿಯ ಬೀಗದೊಳಗೆ ಹಾದು ಅವನ ಸರ್ವರಿಗೇ ಬರುತ್ತಿತ್ತು. ಆದುದರಿಂದ ದಾರಿಯ ಕೀಲಿಕೈಯು ಯಾರ ಕೈಯಲ್ಲಿತ್ತೋ ಅವನಿಗೆ ಮನೆಯ ಬೀಗವೂ ಇಲ್ಲದಂತೆಯೇ. ಲೆವಿಸನ್ನನು ಪತ್ರಗಳನ್ನು ಓದುತ್ತಿರಲಿಲ್ಲ. ಓದಲಾರನೆಂಬುದು ಮಾತ್ರ ನಿಜವಾಗಿರಲಿಲ್ಲ. ಓದೆನೆಂಬುದು ಮನುಷ್ಯನ ವ್ರತ, ಓದಲಾರೆನೆಂಬುದು ವಸ್ತುವಿನ ಸ್ವಭಾವ. ವ್ರತವನ್ನು ದಿನಕ್ಕೆ ೫,೦೦೦ ಡಾಲರ್ ದಂಡದಿಂದ ಮುರಿಯಿಸಬಹುದು. ಸ್ವಭಾವವನ್ನು ಯಾವ ದಂಡದಿಂದಲೂ ಮುರಿಯಿಸಲಾಗದು. ಅವನು ನ್ಯಾಯಾಲಯದಲ್ಲಿ ಎದುರಿಸಿದ ಸಂಕಟದ ಬೀಜವು ೨೦೧೩ರ ಆಜ್ಞೆಯಲ್ಲಿ ಮಾತ್ರವಲ್ಲ, ಅದಕ್ಕೆ ಬಹಳ ಮೊದಲು ಅವನು ಕಟ್ಟಿದ ಮನೆಯ ನಕ್ಷೆಯಲ್ಲಿಯೇ ಇತ್ತು.

ಆದರೂ ಅವನ ನಡತೆಯಲ್ಲಿ ಗೌರವಾರ್ಹವಾದುದೊಂದುಂಟು. ರಾಜನು ಒಯ್ದರೆ ಋಣವಿಲ್ಲವೆಂಬ ಸ್ಮೃತಿಯ ರಿಯಾಯಿತಿಯು ಅವನಿಗೂ ದೊರೆಯುತ್ತಿತ್ತು. ಕೀಲಿಕೈಯನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು, ಎಂದಿನಂತೆ ಅಂಗಡಿಯನ್ನು ನಡೆಸಿದ್ದರೆ ದಂಡವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಡೆದ ಮುದ್ರೆಯ ಮೇಲೆ ಹೊಸ ಮುದ್ರೆಯನ್ನೊತ್ತಿ, ಇದು ಇನ್ನೂ ಭದ್ರವಾಗಿದೆಯೆಂದು ನಾಳೆ ಬರುವ ಯಾತ್ರಿಕನ ಗಂಟನ್ನು ಇಟ್ಟುಕೊಳ್ಳುವುದು ಯಾವ ರಿಯಾಯಿತಿಗೂ ಒಳಪಡದ ಪಾಪವು. ಕೀಲಿಕೈಯು ಹೋದುದು ಅವನ ಕೈಮೀರಿದುದು; ಅದು ಹೋದ ಬಳಿಕ ಮನೆಯನ್ನು ತೆರೆದಿಡುವುದೋ ಮುಚ್ಚುವುದೋ ಎಂಬುದು ಅವನ ಕೈಯಲ್ಲಿತ್ತು. ಅವನು ಮುಚ್ಚಿದನು. ಅದರಿಂದ ಬಳಕೆದಾರರಿಗೆ ಕಷ್ಟವಾಗದೆ ಇರಲಿಲ್ಲ. ಬಹುಜನರು ಒಂದೇ ದಿನದಲ್ಲಿ ತಮ್ಮ ಪತ್ರಪೆಟ್ಟಿಗೆಯನ್ನು ಕಳೆದುಕೊಂಡರು. ೨೦೧೪ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಾಲಯವು ಅವನ ಮೇಲಿನ ದಂಡವನ್ನು ಎತ್ತಿಹಿಡಿಯಿತು. ಕೀಲಿಕೈಯನ್ನು ಕೇಳುವ ಹಕ್ಕು ಸರಕಾರಕ್ಕಿದೆಯೋ ಇಲ್ಲವೋ ಎಂಬ ಮೂಲಪ್ರಶ್ನೆಯು ಅಲ್ಲಿ ತೀರಲಿಲ್ಲ. ಆ ಆಕ್ಷೇಪಗಳನ್ನು ಕೆಳಗಿನ ಕೋರ್ಟಿನಲ್ಲಿ ಸರಿಯಾಗಿ ಎತ್ತಿರಲಿಲ್ಲವೆಂದು ನ್ಯಾಯಾಧೀಶರು ಬದಿಗಿರಿಸಿದರು.

ಈ ಒಂದು ಮನೆಯ ಪತನದಿಂದ ಇತರರು ಪಾಠವನ್ನು ಕಲಿತರು. ಸೈಲೆಂಟ್ ಸರ್ಕಲ್ ಎಂಬ ಕಂಪನಿಯು ಲವಾಬಿಟ್ ಮುಚ್ಚಿದ ಮಾರನೆಯ ದಿನವೇ, ತನಗೆ ಯಾವ ಆಜ್ಞೆಯೂ ಬಾರದಿರುವಾಗಲೇ, ತನ್ನ ಇ-ಮೇಲ್ ಸೇವೆಯನ್ನು ನಿಲ್ಲಿಸಿತು. ೨೦೧೫ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಪಟ್ಟಣದಲ್ಲಿ ೧೪ ಜನರ ಕೊಲೆಯಾದಾಗ, ಕೊಲೆಗಾರರಲ್ಲೊಬ್ಬನ ಫೋನನ್ನು ತೆರೆಯುವುದಕ್ಕಾಗಿ ಹೊಸ ತಂತ್ರಾಂಶವನ್ನು ರಚಿಸಿಕೊಡಬೇಕೆಂದು ಆಪಲ್ ಕಂಪನಿಗೆ ೨೦೧೬ರ ಫೆಬ್ರವರಿಯಲ್ಲಿ ಆಜ್ಞೆಯಾಯಿತು. ಆ ಫೋನಿನ ಕೀಲಿಕೈಯನ್ನು ಕಂಪನಿಯು ಇಟ್ಟುಕೊಂಡಿರಲಿಲ್ಲ. ಆದುದರಿಂದಲೇ ಸರಕಾರವು ಹೊಸದೊಂದನ್ನು ಮಾಡಿಸಬೇಕಾಯಿತು. ಆಪಲ್ ಬಹಿರಂಗವಾಗಿ ಎದುರುನಿಂತಿತು. ಆಗ ಸರಕಾರದ ವಕೀಲರು ತಮ್ಮ ಬಿನ್ನಹದ ಒಂದು ಅಡಿಟಿಪ್ಪಣಿಯಲ್ಲಿ ಲವಾಬಿಟ್ಟಿನ ತೀರ್ಪನ್ನು ಉದಾಹರಿಸಿ, ಬೇಕಾದರೆ ಆಪಲ್ಲಿನ ಹಸ್ತಾಕ್ಷರದ ಕೀಲಿಕೈಯನ್ನೇ ಕೇಳಬಹುದೆಂಬ ಸೂಚನೆಯನ್ನು ಕೊಟ್ಟರು. ಸಣ್ಣವನ ಮನೆಯಲ್ಲಿ ನಡೆದುದು ದೊಡ್ಡವನ ಬಾಗಿಲಿಗೆ ನಿದರ್ಶನವಾಗಿ ಬಂದಿತು. ಬೇರೊಬ್ಬರ ಸಹಾಯದಿಂದ ಫೋನು ತೆರೆದುದರಿಂದ ಮಾರ್ಚ್ ೨೮ರಂದು ಸರಕಾರವು ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು.

ದೊಡ್ಡ ಕಂಪನಿಯಾದರೂ ಎಲ್ಲ ಕಾಲದಲ್ಲಿಯೂ ಗೆಲ್ಲುವುದೆಂದು ತಿಳಿಯಲಾಗದು. ಬ್ರಿಟನ್ನಿನ ಸರಕಾರವು ೨೦೧೬ರ ತನಿಖಾಧಿಕಾರ ಕಾನೂನಿನ ಮೇರೆಗೆ ಆಪಲ್ಲಿಗೆ ರಹಸ್ಯವಾದ ಆಜ್ಞೆಯನ್ನು ಕಳಿಸಿದೆಯೆಂದು ೨೦೨೫ರ ಫೆಬ್ರವರಿಯಲ್ಲಿ ಪತ್ರಿಕೆಗಳು ಪ್ರಕಟಿಸಿದುವು. ಅದೇ ತಿಂಗಳು ಆಪಲ್ ತನ್ನ ಅತ್ಯಂತ ಭದ್ರವಾದ ಶೇಖರಣೆಯ ಸೌಕರ್ಯವನ್ನು ಆ ದೇಶದವರಿಗೆ ಕೊಡುವುದನ್ನು ನಿಲ್ಲಿಸಿತು. ಕಂಪನಿಯು ಬೀಗಕ್ಕೆ ಕಳ್ಳಕೀಲಿಯನ್ನು ಮಾಡಲಿಲ್ಲ. ಬೀಗವನ್ನೇ ತೆಗೆದು, ಇಲ್ಲಿ ಬೀಗವಿಲ್ಲವೆಂದು ಹೇಳಿತು. ಜನರಿಗೆ ನಷ್ಟವಾಯಿತು, ಆದರೆ ಮೋಸವಾಗಲಿಲ್ಲ. ಭಾರತದಲ್ಲಿಯೂ ೨೦೨೧ರ ನಿಯಮಗಳು ಸಂದೇಶವನ್ನು ಮೊದಲು ಕಳಿಸಿದವನು ಯಾರೆಂಬುದನ್ನು ಗುರುತಿಸುವ ಅನುಕೂಲವಿರಬೇಕೆಂದು ವಿಧಿಸಿದಾಗ ವಾಟ್ಸಾಪ್ ಕಂಪನಿಯು ದಿಲ್ಲಿಯ ಹೈಕೋರ್ಟಿಗೆ ಹೋಯಿತು. ಗೂಢಲಿಪಿಯನ್ನು ಮುರಿಯಬೇಕಾದರೆ ತಾನು ಈ ದೇಶವನ್ನೇ ಬಿಡಬೇಕಾದೀತೆಂದು ೨೦೨೪ರ ಏಪ್ರಿಲಿನಲ್ಲಿ ಅದರ ವಕೀಲರು ಹೇಳಿದರು. ಟೆಕ್ಸಾಸಿನ ಪ್ರಶ್ನೆಯು ಹೀಗೆ ಈ ಸಭೆಯಲ್ಲಿ ಕುಳಿತವರ ಜೇಬಿನೊಳಗಿನ ಪ್ರಶ್ನೆಯೂ ಆಗಿದೆ.

ಇಷ್ಟರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ರಾಜನು ಕೇಳಬಾರದೆಂದು ಹೇಳಲಾಗದು. ಕೇಳುವುದು ಅವನ ಧರ್ಮವು. ಆದರೆ ಒಬ್ಬನಿಗಾಗಿ ಎಲ್ಲರದನ್ನು ಕೇಳುವುದು ಧರ್ಮದ ಅಳತೆಯನ್ನು ಮೀರಿದುದು. ಕಾಯುವವನಾದರೋ ಆಜ್ಞೆಯು ಬಂದ ದಿನ ವೀರನಾಗುವೆನೆಂದು ನಂಬಿಕೊಂಡಿರಬಾರದು. ಆ ದಿನ ಅವನ ಮುಂದೆ ಉಳಿದಿರುವ ದಾರಿಗಳೆಲ್ಲವೂ ಯಾರಿಗಾದರೂ ನೋವನ್ನು ತರತಕ್ಕುವೇ. ಮನೆಯನ್ನು ಕಟ್ಟುವ ದಿನವೇ ಪರರ ಪೆಟ್ಟಿಗೆಯ ಕೀಲಿಕೈಯು ತನ್ನ ಸೊಂಟಕ್ಕೆ ಬಾರದಂತೆ ಕಟ್ಟುವುದು, ಅದು ಸಾಧ್ಯವಾಗದಿದ್ದರೆ ಇಲ್ಲವೆಂದು ಮುಂಚಿತವಾಗಿಯೇ ಇಡುವವನಿಗೆ ಹೇಳುವುದು, ಇದೇ ಉಪನಿಧಿರಕ್ಷಕನ ಧರ್ಮವು.

ಲೆವಿಸನ್ನನೂ ಕಡೆಗೆ ಈ ಅರ್ಥವನ್ನೇ ಗ್ರಹಿಸಿದನು. ೨೦೧೭ರ ಜನವರಿ ೨೦ರಂದು ಅವನು ಲವಾಬಿಟ್ಟನ್ನು ಮತ್ತೆ ತೆರೆದನು. ಈ ಸಲದ ರಚನೆಯಲ್ಲಿ ಬಳಕೆದಾರನು ಅತ್ಯಂತ ಕಟ್ಟುನಿಟ್ಟಾದ ವಿಧಾನವನ್ನು ಆರಿಸಿಕೊಂಡರೆ ಅವನ ಕೀಲಿಕೈಯು ಅವನಲ್ಲಿಯೇ ಉಳಿಯುವುದು, ಸರ್ವರಿಗೆ ಬಾರದು. ಇನ್ನು ಮುಂದೆ ರಾಜಪುರುಷರು ಬಂದು ಆ ಕೀಲಿಕೈಯನ್ನು ಕೇಳಿದರೆ ಅವನು ಪ್ರತಿಭಟಿಸಬೇಕಾದುದೂ ಇಲ್ಲ, ಸುಳ್ಳಾಡಬೇಕಾದುದೂ ಇಲ್ಲ. ಬರಿಗೈಯನ್ನು ಚಾಚಿ ತೋರಿಸಿದರೆ ಸಾಕು.